ಮುಚ್ಚಿಟ್ಟ ಸೈಕಲ್ಲಿನ ಹಿಂದಿನ ಚಕ್ರ

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಬೆಟ್ಟದ ಮೇಲಿಂದ ಕೆಳಕ್ಕೆ ಸೈಕಲ್ ಓಡಿಸುವ ಸ್ಪರ್ಧೆಯನ್ನು ನಿಮ್ಮಲ್ಲಿ ಕೆಲವರಾದರೂ ಟೀವಿಯಲ್ಲಿ ನೋಡಿರಬಹುದು. ಅದಕ್ಕೆ ಡೌನ್‌ಹಿಲ್ ಎಂದು ಹೆಸರು. ಸವಾರರು ಒಬ್ಬೊಬ್ಬರಾಗಿ ಮೇಲಿಂದ ಹೊರಡುತ್ತಾರೆ. ಬಂಡೆ, ಮರದ ಬೇರು, ಕೊರಕಲು, ಆಳೆತ್ತರದ ಜಿಗಿತ, ಇವನ್ನೆಲ್ಲ ದಾಟಿ ಕೆಲವೇ ನಿಮಿಷಗಳಲ್ಲಿ ಬುಡ ಮುಟ್ಟುತ್ತಾರೆ. ಗೆಲುವು ಸೋಲಿನ ನಡುವಿನ ಅಂತರ ಎಷ್ಟೋ ಸಲ ಒಂದು ಸೆಕೆಂಡಿಗಿಂತ ಕಡಿಮೆ. ಇದರ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಅಮೆರಿಕದ ಕೊಲರಾಡೋ ರಾಜ್ಯದ ಡುರಾಂಗೊದಲ್ಲಿ ಶುರುವಾಯಿತು. ವಿಶ್ವಕಪ್ ಸರಣಿ 1993ರಿಂದ ನಡೆಯುತ್ತಿದೆ.

ಈ ಸ್ಪರ್ಧೆಗಳು ಸವಾರರಿಗೆ ಹೇಗೋ, ಸೈಕಲ್ ಕಂಪನಿಗಳಿಗೂ ಹಾಗೆಯೇ ಪರೀಕ್ಷೆ. ಅಂಗಡಿಗೆ ಬರುವ ಮುಂಚೆ ಹೊಸ ಸೈಕಲ್ಲಿನ ಮೊದಲ ಮಾದರಿಗಳು ಇಲ್ಲಿ ಓಡುತ್ತವೆ. ಪೈಪೋಟಿಯವರ ಕಣ್ಣಿಗೆ ಬೀಳಬಾರದೆಂದು ಮೆಕ್ಯಾನಿಕ್‌ಗಳು ಸೈಕಲ್ಲಿನ ಹಿಂಭಾಗಕ್ಕೆ ಬಟ್ಟೆ ಸುತ್ತುವುದೂ ಉಂಟು, ಪ್ಲಾಸ್ಟಿಕ್ ತಗಡು ಮುಚ್ಚುವುದೂ ಉಂಟು. ಬೇಲಿಯ ಆಚೆ ಕ್ಯಾಮೆರಾ ಹಿಡಿದವರು ಕಾದಿರುತ್ತಾರೆ. ಒಂದು ಚಿತ್ರ ಸಿಕ್ಕಿತೆಂದರೆ ಅದರ ಮೇಲೆ ಗೆರೆ ಎಳೆದು, ಒಳಗೆ ಏನಿರಬಹುದೆಂದು ಲೆಕ್ಕ ಹಾಕುವವರು ಜಗತ್ತಿನ ಮೂಲೆಮೂಲೆಯಲ್ಲೂ ಇದ್ದಾರೆ.

ಇವತ್ತಿನ ಮಾತು ಆ ಲೆಕ್ಕದ ಬಗ್ಗೆ. ಕಾಣದ ಯಂತ್ರವನ್ನು ಊಹಿಸುವುದು ಹೇಗೆ, ಆ ಊಹೆ ಎಲ್ಲಿಯವರೆಗೆ ನಂಬಿಕೆಗೆ ಅರ್ಹ ಎಂಬ ಬಗ್ಗೆ. ಇದು ನಮಗೇಕೆ ಎಂದು ಕೇಳಬೇಡಿ. ಮಗುವಿಗೆ ಸೈಕಲ್ ಕೊಡಿಸಲು ಹೊರಟ ತಂದೆತಾಯಿಯವರೆಗೂ ಈ ವಿಷಯ ಬಂದು ನಿಲ್ಲುತ್ತದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲು ನಮಗೆ ಗೊತ್ತಿರುವ ವಾಹನದಿಂದಲೇ ಹೊರಡೋಣ. ಮುಂಬೈಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ನಿಮ್ಮಲ್ಲಿ ಅನೇಕರು ದಿನವೂ ಮೋಟಾರ್‌ಸೈಕಲ್ ಓಡಿಸುತ್ತೀರಿ. ಅದರ ಹಿಂದಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ಕವೆಗೆ ಸ್ವಿಂಗ್ ಆರ್ಮ್ ಎನ್ನುತ್ತಾರೆ. ಅದು ಎಂಜಿನ್ನಿನ ಹಿಂದೆ ಒಂದು ಕೀಲಿನ ಮೇಲೆ ಬಾಗಿಲಿನಂತೆ ಮೇಲಕ್ಕೂ ಕೆಳಕ್ಕೂ ತಿರುಗುತ್ತದೆ. ಹಳ್ಳ ಬಂದಾಗ ಚಕ್ರ ಮೇಲೇಳುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ, ನಿಮ್ಮ ಬೆನ್ನು ಉಳಿಯುತ್ತದೆ.

ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಚೈನನ್ನು ಬೆರಳಿನಿಂದ ಎತ್ತಿ ನೋಡುವುದನ್ನು ಗಮನಿಸಿದ್ದೀರಾ? ಎರಡು ಮೂರು ಸೆಂಟಿಮೀಟರ್ ಸಡಿಲ ಬಿಡುತ್ತಾನೆ. ಪೂರ್ತಿ ಬಿಗಿ ಮಾಡುವುದಿಲ್ಲ. ಕಾರಣ ಸರಳ. ಚೈನು ಸುತ್ತುವ ಮುಂದಿನ ಹಲ್ಲಿನ ಚಕ್ರ ಒಂದು ಕಡೆ ಇದೆ, ಸ್ವಿಂಗ್ ಆರ್ಮಿನ ಕೀಲು ಇನ್ನೊಂದು ಕಡೆ ಇದೆ. ಹಾಗಾಗಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಎರಡು ಹಲ್ಲಿನ ಚಕ್ರಗಳ ನಡುವಿನ ದೂರ ಬದಲಾಗುತ್ತದೆ. ಸಡಿಲವಿಲ್ಲದಿದ್ದರೆ ಚೈನು ಜಗ್ಗಿ, ಬೇರಿಂಗ್‌ಗೆ ಪೆಟ್ಟು. ಇಷ್ಟನ್ನು ನೆನಪಿಟ್ಟುಕೊಳ್ಳಿ. ಬೆಟ್ಟದ ಸೈಕಲ್ಲಿನ ಹಿಂಬದಿ ಸಸ್ಪೆನ್ಷನ್‌ನ ತಕರಾರೆಲ್ಲ ಇದೇ ಚೈನು ಮತ್ತು ಕೀಲಿನ ಜಗಳ. ಒಂದೇ ವ್ಯತ್ಯಾಸ, ಇಲ್ಲಿ ಎಂಜಿನ್ನಿನ ಬದಲು ಮನುಷ್ಯನ ಕಾಲುಗಳಿವೆ. ಚೈನು ಜಗ್ಗಿದರೆ ಪೆಡಲ್ ಪಾದವನ್ನು ಹಿಂದಕ್ಕೆ ಒದೆಯುತ್ತದೆ.

ಈಗ ಊಹೆ ಮಾಡುವವನು ಚಿತ್ರದಲ್ಲಿ ಮೊದಲು ಏನು ಹುಡುಕುತ್ತಾನೆ? ಹಿಂದಿನ ಚಕ್ರದ ಅಚ್ಚು ಯಾವ ತುಂಡಿಗೆ ಸೇರಿದೆ ಎಂಬುದನ್ನು. ಅಚ್ಚು ಕೂತಿರುವ ತುಂಡು ನೇರವಾಗಿ ಮುಖ್ಯ ಫ್ರೇಮಿಗೆ ಒಂದೇ ಕೀಲಿನಿಂದ ಸೇರಿದ್ದರೆ, ಅದು ಮೋಟಾರ್‌ಸೈಕಲ್ಲಿನ ಸ್ವಿಂಗ್ ಆರ್ಮಿನ ತಮ್ಮನೇ ಸರಿ. ಮೇಲೆ ಎಷ್ಟು ಕೊಂಡಿಗಳನ್ನು ಪೋಣಿಸಿದ್ದರೂ ಅಚ್ಚು ಒಂದು ವೃತ್ತದ ಅಂಚಿನಲ್ಲೇ ಚಲಿಸಬೇಕು. ಆ ಕೊಂಡಿಗಳು ಸ್ಪ್ರಿಂಗನ್ನು ಒತ್ತುವ ರೀತಿಯನ್ನು ಬದಲಿಸುತ್ತವೆ, ಚಕ್ರದ ದಾರಿಯನ್ನಲ್ಲ. ಅಚ್ಚು ಮತ್ತು ಫ್ರೇಮಿನ ನಡುವೆ ಇನ್ನೊಂದು ಕೀಲು ಬಂದರೆ ಮಾತ್ರ ಚಕ್ರದ ದಾರಿ ಬೇರೆಯಾಗುತ್ತದೆ.

ಈ ಒಂದು ಕೀಲಿಗಾಗಿ ದೊಡ್ಡ ವ್ಯವಹಾರವೇ ನಡೆದಿದೆ. ಆಸ್ಟ್ರಿಯಾ ಮೂಲದ ಹಾರ್ಸ್ಟ್ ಲೈಟ್ನರ್ ಎಂಬುವರು ಮೋಟೋಕ್ರಾಸ್ ಜಗತ್ತಿನಿಂದ ಬಂದ ಎಂಜಿನಿಯರು. ಮೋಟಾರ್‌ಸೈಕಲ್ಲಿನಲ್ಲಿ ಚೈನಿನ ಎಳೆತ ಸಸ್ಪೆನ್ಷನ್ನಿಗೆ ಕೊಡುವ ಕಾಟವನ್ನು ತಗ್ಗಿಸಲು ಅವರು ಎ-ಟ್ರಾಕ್ ಎಂಬ ಸಾಧನವನ್ನು ಮೊದಲೇ ಮಾಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಎಎಂಪಿ ರಿಸರ್ಚ್ ಕಂಪನಿ ಕಟ್ಟಿ, ಸೈಕಲ್ಲಿನ ಹಿಂದಿನ ಅಚ್ಚಿನ ಮುಂದುಗಡೆ, ಚೈನಿನ ಪಕ್ಕದ ಕೆಳಕೊಳವೆಯ ಮೇಲೆ ಒಂದು ಕೀಲು ಇಟ್ಟರು. ಅದಕ್ಕೆ ಹಾರ್ಸ್ಟ್ ಲಿಂಕ್ ಎಂದೇ ಹೆಸರಾಯಿತು. 1998ರಲ್ಲಿ ಸ್ಪೆಷಲೈಸ್ಡ್ ಕಂಪನಿ ಆ ಪೇಟೆಂಟನ್ನು ಕೊಂಡುಕೊಂಡಿತು. ಆಮೇಲೆ ಪೇಟೆಂಟಿನ ಅವಧಿ ಮುಗಿಯುವವರೆಗೂ ಅಮೆರಿಕದಲ್ಲಿ ಉಳಿದವರು ಒಂದೋ ಹಣ ಕೊಡಬೇಕಿತ್ತು, ಇಲ್ಲವೇ ಕೀಲನ್ನು ಬೇರೆ ಕಡೆ ಇಡಬೇಕಿತ್ತು. ಕೆಲವರು ಅದನ್ನು ಅಚ್ಚಿನ ಮೇಲುಗಡೆಗೆ ಸರಿಸಿದರು. ಸರಿಸಿದ ಕೂಡಲೇ ಅದು ಮತ್ತೆ ಒಂಟಿ ಕೀಲಿನ ಸ್ವಿಂಗ್ ಆರ್ಮಾಯಿತು. 2000ದ ದಶಕದ ಕೊನೆಯ ಭಾಗದಲ್ಲಿ ಟ್ರೆಕ್ ಕಂಪನಿಯೂ ಡೇವ್ ವೀಗಲ್ ಎಂಬ ವಿನ್ಯಾಸಕಾರರೂ ಕೀಲನ್ನು ಅಚ್ಚಿನ ಸುತ್ತಲೇ ಕೂರಿಸುವ ಉಪಾಯವನ್ನು ಬೇರೆ ಬೇರೆ ಹೆಸರಿನಲ್ಲಿ ತಂದರು. ನೋಡಿ, ನಾಲ್ಕು ಬೆರಳಗಲದ ಜಾಗದಲ್ಲಿ ಕೀಲು ಸರಿದರೆ ಯಂತ್ರದ ನಡವಳಿಕೆಯೂ ಬದಲು, ಕಾನೂನಿನ ಹಕ್ಕೂ ಬದಲು. ಬಟ್ಟೆ ಸುತ್ತುವುದು ಸುಮ್ಮನೆ ಅಲ್ಲ.

ಬಟ್ಟೆ ಸುತ್ತಿದ ಮೇಲೂ ಉಳಿಯುವ ಸಾಕ್ಷಿಗಳಿವೆ. ಅದರಲ್ಲಿ ಒಂದು ಪುಟ್ಟ ರಾಟೆ. ಚೈನು ಪೆಡಲ್ ಬಳಿಯ ದೊಡ್ಡ ಹಲ್ಲಿನ ಚಕ್ರದಿಂದ ನೇರವಾಗಿ ಹಿಂದಕ್ಕೆ ಹೋಗದೆ, ಮೇಲಿರುವ ಇನ್ನೊಂದು ಸಣ್ಣ ಹಲ್ಲಿನ ರಾಟೆಯನ್ನು ಬಳಸಿ ಹೋಗುತ್ತಿದ್ದರೆ, ಕೀಲು ಎತ್ತರದಲ್ಲಿದೆ ಎಂದು ಊಹಿಸಲು ಬಲವಾದ ಆಧಾರ ಸಿಕ್ಕಂತೆ. ಈ ರಾಟೆಗೆ ಐಡ್ಲರ್ ಎನ್ನುತ್ತಾರೆ.

ಕೀಲು ಅಚ್ಚಿಗಿಂತ ಮೇಲಿದ್ದರೆ ಚಕ್ರ ಏಳುವಾಗ ಮೊದಲು ಸ್ವಲ್ಪ ಹಿಂದಕ್ಕೂ ಸರಿಯುತ್ತದೆ. ಚೌಕಾಕಾರದ ಬಂಡೆ ಎದುರಾದಾಗ ಅದು ತಳ್ಳುವ ದಿಕ್ಕೂ ಹಿಂದಕ್ಕೇ ತಾನೆ? ಚಕ್ರ ಪೆಟ್ಟಿನ ಜೊತೆ ಹೋಗುತ್ತದೆ, ವೇಗ ಉಳಿಯುತ್ತದೆ. ಆದರೆ ಚಕ್ರ ಹಿಂದೆ ಸರಿದಷ್ಟೂ ಚೈನು ಜಗ್ಗುತ್ತದೆ. ಅದಕ್ಕಾಗಿ ಚೈನನ್ನು ಕೀಲಿನ ಹತ್ತಿರದಿಂದಲೇ ಹಾಯಿಸಿ ಬಿಡುತ್ತಾರೆ. ಆ ಕೆಲಸಕ್ಕೆ ಐಡ್ಲರ್ ಬೇಕು. ಅಂದರೆ ರಾಟೆ ಕಂಡರೆ ಅದರ ಹಿಂದಿನ ಕಾರಣವನ್ನೂ ಕಂಡಂತೆ. ಫ್ರೆಂಚ್ ಸವಾರ ಅಮೊರಿ ಪಿಯರೋನ್ 2018ರಲ್ಲಿ ವಿಶ್ವಕಪ್ ಸರಣಿ ಗೆದ್ದದ್ದು ಕೊಮೊನ್ಸಾಲ್ ಕಂಪನಿಯ ಇಂಥದೇ ಎತ್ತರದ ಕೀಲಿನ ಸೈಕಲ್ ಮೇಲೆ. ಪುಕ್ಕಟೆ ಲಾಭ ಯಾವುದೂ ಇಲ್ಲ. ರಾಟೆ ಸೇರಿದರೆ ಘರ್ಷಣೆ ಹೆಚ್ಚು, ಸದ್ದು ಹೆಚ್ಚು, ಮಣ್ಣು ತೊಳೆಯುವ ಕೆಲಸವೂ ಹೆಚ್ಚು.

ಇನ್ನೊಂದು ಸಾಕ್ಷಿ ಇನ್ನೂ ಗಟ್ಟಿ. ಕೊಂಡಿಗಳನ್ನು ಮುಚ್ಚಬಹುದು, ಚಕ್ರವನ್ನು ಮುಚ್ಚಲಾಗದು. ಸೈಕಲ್ ಗಾಳಿಯಲ್ಲಿ ತೇಲುವಾಗ ಸ್ಪ್ರಿಂಗ್ ಪೂರ್ತಿ ಬಿಚ್ಚಿರುತ್ತದೆ. ನೆಲಕ್ಕೆ ಬಡಿದಾಗ ಪೂರ್ತಿ ಕುಗ್ಗುತ್ತದೆ. ಈ ಎರಡು ಕ್ಷಣದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ಫ್ರೇಮನ್ನು ಹೊಂದಿಸಿದರೆ ಹಿಂದಿನ ಅಚ್ಚು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಾಣುತ್ತದೆ. ನಡುವಿನ ಒಂದೆರಡು ಚಿತ್ರವೂ ಸಿಕ್ಕರೆ ದಾರಿಯ ಬಾಗು ಕೂಡ ಗೊತ್ತಾಗುತ್ತದೆ. ಯಾವ ಬಟ್ಟೆಯೂ ಇದನ್ನು ಮರೆಮಾಡಲಾರದು.

ಅಳತೆಗೋಲು ಬೇಕಲ್ಲವೇ? ಅದೂ ಚಿತ್ರದಲ್ಲೇ ಇದೆ. 29 ಇಂಚಿನ ಚಕ್ರದಲ್ಲಿ ಟೈರು ಕೂರುವ ರಿಮ್ಮಿನ ವ್ಯಾಸ 622 ಮಿಲಿಮೀಟರ್. 27.5 ಇಂಚಿನದಕ್ಕೆ 584. ಇವು ಎಲ್ಲ ಕಂಪನಿಗಳಿಗೂ ಒಂದೇ. ಇಲ್ಲೊಂದು ಬಲೆಯೂ ಇದೆ. ಈಗಿನ ಅನೇಕ ಡೌನ್‌ಹಿಲ್ ಸೈಕಲ್‌ಗಳಲ್ಲಿ ಮುಂದಿನ ಚಕ್ರ ದೊಡ್ಡದು, ಹಿಂದಿನದು ಚಿಕ್ಕದು. ಎರಡೂ ಒಂದೇ ಎಂದುಕೊಂಡು ಅಳೆದರೆ ಲೆಕ್ಕ ನೂರಕ್ಕೆ ಆರೇಳರಷ್ಟು ತಪ್ಪುತ್ತದೆ. ಕಾಯಿಲ್ ಸ್ಪ್ರಿಂಗ್ ಇದ್ದರೆ ಅದರ ಮೇಲೆ ಅದರ ಬಿರುಸೂ, ಎಷ್ಟು ಕುಗ್ಗಬಲ್ಲದು ಎಂಬುದೂ ಅಚ್ಚಾಗಿರುತ್ತದೆ. ಕುಗ್ಗುವುದು 75 ಮಿಲಿಮೀಟರ್, ಚಕ್ರ ಏಳುವುದು 200 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಭಾಗಿಸಿದರೆ ಸುಮಾರು 2.7. ಅಂದರೆ ಸ್ಪ್ರಿಂಗ್ ಒಂದು ಬೆರಳು ಕುಗ್ಗಿದರೆ ಚಕ್ರ ಸರಾಸರಿ ಎರಡೂ ಮುಕ್ಕಾಲು ಬೆರಳು ಏಳುತ್ತದೆ. ಫೋಟೋ ಒಂದರಿಂದ ಇಷ್ಟು ತಿಳಿದರೆ ಕಡಿಮೆಯೇನಲ್ಲ.

ಆದರೆ ಲೆಕ್ಕದ ಹುಮ್ಮಸ್ಸು ಹೆಚ್ಚಾದಾಗ ಮೋಸವೂ ಅಲ್ಲೇ ಆಗುತ್ತದೆ. ನಾಲ್ಕು ಕೊಂಡಿಗಳ ವಿನ್ಯಾಸದಲ್ಲಿ ಚಕ್ರ ಆ ಕ್ಷಣಕ್ಕೆ ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಎಂದು ತಿಳಿಯಲು ಎರಡು ಕೊಂಡಿಗಳ ಗೆರೆಗಳನ್ನು ಮುಂದಕ್ಕೆ ಎಳೆದು, ಅವು ಕೂಡುವ ಜಾಗ ಹುಡುಕುತ್ತಾರೆ. ಗೆರೆಗಳು ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ? 87 ಮಿಲಿಮೀಟರ್ ಅಂತರದ ಎರಡು ಗೆರೆಗಳ ನಡುವೆ 5 ಡಿಗ್ರಿ ಕೋನ ಇದ್ದರೆ ಅವು ಸುಮಾರು ಒಂದು ಮೀಟರ್ ದೂರದಲ್ಲಿ ಕೂಡುತ್ತವೆ. ಅದೇ ಕೋನವನ್ನು 6 ಡಿಗ್ರಿ ಎಂದು ಅಳೆದರೆ ಕೂಡುವ ಜಾಗ 16 ಸೆಂಟಿಮೀಟರಿಗೂ ಹೆಚ್ಚು ಹತ್ತಿರ ಬಂದುಬಿಡುತ್ತದೆ. ಒಂದು ಡಿಗ್ರಿ ಎಂದರೆ ಎಷ್ಟು? ಕ್ಯಾಮೆರಾ ಸ್ವಲ್ಪ ಓರೆಯಾಗಿದ್ದರೆ ಸಾಕು. ಇಂಥ ಗೆರೆಗಳ ಮೇಲೆ ಕಟ್ಟಿದ ಲೆಕ್ಕವನ್ನು ದಶಮಾಂಶದವರೆಗೆ ಹೇಳುವವರಿದ್ದಾರೆ. ಸಂಖ್ಯೆ ನುಣುಪಾಗಿದ್ದ ಮಾತ್ರಕ್ಕೆ ನಿಜವಾಗುವುದಿಲ್ಲ.

ಚಿತ್ರಕ್ಕೆ ಎಂದೂ ಸಿಗದ ಸಂಗತಿಗಳೂ ಇವೆ. ಡ್ಯಾಂಪರ್ ಒಳಗೆ ಎಣ್ಣೆ ಎಷ್ಟು ಸಣ್ಣ ದಾರಿಯಲ್ಲಿ ಹರಿಯುತ್ತದೆ, ಅಲ್ಲಿನ ತೆಳು ಬಿಲ್ಲೆಗಳು ಎಷ್ಟು ದಪ್ಪ, ಫ್ರೇಮು ತಿರುವಿನಲ್ಲಿ ಎಷ್ಟು ಬಳುಕುತ್ತದೆ, ಇವು ಹೊರಗಿನಿಂದ ಕಾಣವು. ಇನ್ನೊಂದು ಮಾತು. ಮೊದಲ ಮಾದರಿ ಎನ್ನುವುದು ಕಂಪನಿ ತನಗೆ ತಾನೇ ಹಾಕಿಕೊಂಡ ಪ್ರಶ್ನೆ. ಕೀಲನ್ನು ಆಚೀಚೆ ಸರಿಸಲು ಎರಡು ಮೂರು ತೂತುಗಳನ್ನು ಇಟ್ಟಿರುತ್ತಾರೆ. ಈ ವಾರ ಒಂದು ತೂತು, ಮುಂದಿನ ವಾರ ಇನ್ನೊಂದು. ಅದನ್ನು ಮುಗಿದ ಉತ್ತರ ಎಂದು ಓದಿದರೆ ನಾವು ಮಾಡಿದವರಿಗಿಂತ ಹೆಚ್ಚು ತಿಳಿದವರಂತೆ ಮಾತಾಡಿದ ಹಾಗಾಗುತ್ತದೆ.

ಇದಕ್ಕೆಲ್ಲ ಒಪ್ಪುವ ಒಂದು ನಿಜ ಕಥೆಯಿದೆ. ಜಪಾನಿನ ಹೋಂಡಾ ನಮಗೆ ಮೋಟಾರ್‌ಸೈಕಲ್ಲಿನಿಂದ ಪರಿಚಿತ. ಅದೇ ಹೋಂಡಾ 2000ದ ದಶಕದಲ್ಲಿ ಡೌನ್‌ಹಿಲ್ ಸೈಕಲ್ ಒಂದನ್ನು ಕಟ್ಟಿತು. ಹೆಸರು ಆರ್‌ಎನ್-01. ಮುಂದೆ ಹಿಂದೆ ಎರಡೂ ಕಡೆ ಷೋವಾ ಕಂಪನಿಯ ಸಸ್ಪೆನ್ಷನ್. ದಕ್ಷಿಣ ಆಫ್ರಿಕಾದ ಗ್ರೆಗ್ ಮಿನ್ನಾರ್ ಅದನ್ನು ಓಡಿಸಿ 2005ರ ವಿಶ್ವಕಪ್ ಸರಣಿ ಗೆದ್ದರು. 2007ರ ಹಂಗಾಮು ಮುಗಿದಾಗ ಹೋಂಡಾ ತಂಡವನ್ನು ಮುಚ್ಚಿತು. ಆ ಸೈಕಲ್ ಕೊನೆಗೂ ಮಾರಾಟಕ್ಕೆ ಬರಲಿಲ್ಲ.

ಆ ಸೈಕಲ್ಲಿನ ವಿಶೇಷ ಏನೆಂದರೆ, ಹಿಂದಿನ ಚಕ್ರದ ಬಳಿ ಗೇರ್ ಬದಲಿಸುವ ಸಾಧನ, ಡಿರೇಲರ್ ಅನ್ನುತ್ತಾರಲ್ಲ, ಅದು ಇರಲೇ ಇಲ್ಲ. ಹಲವು ಹಲ್ಲಿನ ಚಕ್ರಗಳ ಗೊಂಚಲೂ ಇರಲಿಲ್ಲ. ಹಿಂದೆ ಒಂದೇ ಒಂದು ಹಲ್ಲಿನ ಚಕ್ರ. ಪೆಡಲ್ ಇರುವ ಕಡೆ ಫ್ರೇಮಿನ ಹೊಟ್ಟೆಯಲ್ಲಿ ಮುಚ್ಚಿದ ಒಂದು ಪೆಟ್ಟಿಗೆ. ತಂಡದವರು ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಒಳಗೇನಿದೆ? ಲೋಕವೆಲ್ಲ ಊಹಿಸತೊಡಗಿತು. ಹೋಂಡಾ ಎಂದರೆ ಗೇರ್‌ಬಾಕ್ಸ್. ಹಾಗಾಗಿ ಮೋಟಾರ್‌ಸೈಕಲ್ಲಿನಲ್ಲಿರುವಂಥ ಹಲ್ಲುಗಳ ಅದ್ಭುತವೇ ಅಲ್ಲಿ ಇರಬೇಕು ಎಂದು ಬಹಳ ಜನ ನಂಬಿದರು.

ಪೇಟೆಂಟ್ ಕಡತಗಳು ಹೊರಬಂದಾಗ ಒಳಗೆ ಕಂಡದ್ದು ಏನು? ಚೈನು, ಹಲ್ಲಿನ ಚಕ್ರಗಳ ಗೊಂಚಲು, ಒಂದು ಡಿರೇಲರ್. ಎಲ್ಲ ಸೈಕಲ್ಲಿನಲ್ಲೂ ಹೊರಗೆ ನೇತಾಡುವ ಸಾಮಾನನ್ನೇ ಹೋಂಡಾ ಪೆಟ್ಟಿಗೆಯೊಳಗೆ ಕೂರಿಸಿತ್ತು. ಕಂಪನಿಯ ಹೆಸರು ನೋಡಿ ಮಾಡಿದ ಊಹೆ ಕೈಕೊಟ್ಟಿತು.

ನಗಬೇಡಿ. ಪೆಟ್ಟಿಗೆ ದೊಡ್ಡ ಕೆಲಸವನ್ನೇ ಮಾಡಿತ್ತು, ಮಾಡಿದ್ದು ಹಿಂಬದಿ ಸಸ್ಪೆನ್ಷನ್ನಿಗೆ. ಹೇಗೆಂದರೆ, ಡಿರೇಲರ್ ಮತ್ತು ಗೊಂಚಲಿನ ಭಾರ ಚಕ್ರದಿಂದ ಫ್ರೇಮಿಗೆ ಬಂತು. ಚಕ್ರ ಹಗುರಾದಷ್ಟೂ ಅದು ಬೇಗ ಎದ್ದು ಬೇಗ ಇಳಿದು ನೆಲಕ್ಕೆ ಅಂಟಿಕೊಂಡು ಓಡುತ್ತದೆ. ಎರಡನೆಯದಾಗಿ, ಮಾಮೂಲಿ ಸೈಕಲ್ಲಿನಲ್ಲಿ ಗೇರ್ ಬದಲಿಸಿದಾಗಲೆಲ್ಲ ಹಿಂದಿನ ಹಲ್ಲಿನ ಚಕ್ರದ ಗಾತ್ರ ಬದಲಾಗಿ ಚೈನು ಎಳೆಯುವ ಗೆರೆಯೂ ಬದಲಾಗುತ್ತದೆ. ಒಂದು ಗೇರಿನಲ್ಲಿ ಚೆನ್ನಾಗಿ ನಡೆದುಕೊಳ್ಳುವ ಸಸ್ಪೆನ್ಷನ್ ಇನ್ನೊಂದರಲ್ಲಿ ಬೇರೆ ರೀತಿ. ಹೋಂಡಾದಲ್ಲಿ ಹಿಂದೆ ಒಂದೇ ಹಲ್ಲಿನ ಚಕ್ರ ಇದ್ದುದರಿಂದ ಯಾವ ಗೇರಿನಲ್ಲೂ ಹಿಂದಿನ ಚೈನಿನ ಗೆರೆ ಅದೇ.

ಈಗ ಮುಖ್ಯ ಮಾತಿಗೆ ಬಂದೆ. ಹಿಂದೆ ಒಂದೇ ಹಲ್ಲಿನ ಚಕ್ರ ಇದೆ ಎಂಬುದು ಬೇಲಿಯಾಚೆ ನಿಂತ ಯಾರಿಗಾದರೂ ಕಾಣುತ್ತಿತ್ತು. ಅದರಿಂದ ಈ ಎರಡೂ ಲಾಭಗಳನ್ನು ಕಾಗದ ಪೆನ್ಸಿಲ್ ಹಿಡಿದು ಹೇಳಬಹುದಿತ್ತು. ಪೆಟ್ಟಿಗೆಯೊಳಗೆ ಗೇರಿದ್ದರೂ ಒಂದೇ, ಡಿರೇಲರ್ ಇದ್ದರೂ ಒಂದೇ, ಈ ಎರಡು ತೀರ್ಮಾನಗಳು ಹಾಗೇ ನಿಲ್ಲುತ್ತಿದ್ದವು. ಜನರ ಮಾತೆಲ್ಲ ಕಾಣದ ಪೆಟ್ಟಿಗೆಯ ಸುತ್ತ ಸುತ್ತಿತು. ಕಾಣುವ ಚಕ್ರವೇ ಹೆಚ್ಚು ಹೇಳುತ್ತಿತ್ತು.

ಆದ್ದರಿಂದ ಊಹೆ ಮಾಡುವಾಗ ಮನಸ್ಸಿನಲ್ಲೇ ಮೂರು ಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯದು. ಕಣ್ಣಿಗೆ ಕಂಡದ್ದು ಒಂದು. ಕಂಡದ್ದರಿಂದ ಲೆಕ್ಕ ಹಾಕಿದ್ದು ಇನ್ನೊಂದು. ಹಾಗಿದ್ದರೆ ಚೆನ್ನ ಎಂದು ಮನಸ್ಸು ಬಯಸಿದ್ದು ಮೂರನೆಯದು. ಮೂರನೆಯ ಪಟ್ಟಿ ಮೊದಲನೆಯದರ ವೇಷ ಹಾಕಿಕೊಂಡು ಬಂದಾಗಲೇ ನಾವು ಎಡವುವುದು.

ಈಗ ಮೊದಲೇ ಹೇಳಿದಂತೆ ನಿಮ್ಮ ಬಡಾವಣೆಯ ಸೈಕಲ್ ಅಂಗಡಿಗೆ ಬರೋಣ. ಅಲ್ಲಿ ಮಕ್ಕಳ ಕಣ್ಣು ಮೊದಲು ಬೀಳುವುದು ಡಬಲ್ ಶಾಕರ್ ಸೈಕಲ್ ಮೇಲೆ. ದಪ್ಪ ಟೈರು, ನಡುವೆ ಕೆಂಪೋ ಹಳದಿಯೋ ಬಣ್ಣದ ಸ್ಪ್ರಿಂಗ್, ಥೇಟ್ ಟೀವಿಯಲ್ಲಿ ಕಂಡದ್ದೇ. ಕೊಡಿಸಿ ಎಂದು ಹಟ. ಇಲ್ಲಿಯೂ ಮೂರು ಪಟ್ಟಿ ಮಾಡಿ. ಸ್ಪ್ರಿಂಗ್ ಕಂಡಿತು, ಸರಿ. ಅದರೊಳಗೆ ಎಣ್ಣೆಯ ಡ್ಯಾಂಪರ್ ಇದೆಯೇ? ಅಗ್ಗದ ಸೈಕಲ್ಲುಗಳಲ್ಲಿ ಎಷ್ಟೋ ಸಲ ಬರೀ ಸ್ಪ್ರಿಂಗ್ ಇರುತ್ತದೆ. ಸೀಟನ್ನು ಕೈಯಿಂದ ಜೋರಾಗಿ ಒತ್ತಿ ಬಿಡಿ. ಸಾವಕಾಶವಾಗಿ ಮೇಲೆದ್ದು ನಿಂತರೆ ಅಲ್ಲೇನೋ ತಡೆಯಿದೆ. ಚೆಂಡಿನಂತೆ ಪುಟಿದರೆ ಅದು ಬರೀ ಸ್ಪ್ರಿಂಗ್. ಅಚ್ಚು ಕೂತಿರುವ ತುಂಡಿನ ಕೀಲು ಎಲ್ಲಿದೆ ನೋಡಿ. ಹಿಂದಿನ ಚಕ್ರವನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೀಲು ಲಟಲಟ ಎಂದರೆ ಬ್ರೇಕ್ ಹಾಕುವಾಗ ಚಕ್ರ ನೆಟ್ಟಗೆ ನಿಲ್ಲುವುದಿಲ್ಲ. ಕೊನೆಗೆ ಮಗುವನ್ನು ಕೂರಿಸಿ ಪೆಡಲ್ ತುಳಿಸಿ. ತುಳಿದಾಗಲೆಲ್ಲ ಸೀಟು ಕುಣಿದರೆ ಆ ಪುಟ್ಟ ಕಾಲಿನ ಶಕ್ತಿ ರಸ್ತೆಗೆ ಹೋಗದೆ ಸ್ಪ್ರಿಂಗಿಗೆ ಹೋಗುತ್ತಿದೆ. ಜೊತೆಗೆ ಸ್ಪ್ರಿಂಗಿನ ಭಾರವನ್ನೂ ಮಗುವೇ ಫ್ಲೈಓವರ್ ಹತ್ತಿಸಬೇಕು.

ಹಾಗೆ ಕಂಡರೆ, ಅದೇ ಹಣಕ್ಕೆ ಹಿಂದೆ ಸ್ಪ್ರಿಂಗ್ ಇಲ್ಲದ, ಬ್ರೇಕು ಬೇರಿಂಗು ಚೆನ್ನಾಗಿರುವ ಸೈಕಲ್ ಕೊಡಿಸಿ. ಮಗು ಮುಖ ಊದಿಸಿಕೊಂಡರೆ ಈ ಹೋಂಡಾ ಕಥೆ ಹೇಳಿ. ಹಿಂದಿನ ಚಕ್ರ ಹೇಗೆ ಚಲಿಸುತ್ತದೆ ಎಂದು ತೋರಿಸಿಕೊಡಿ. ಮುಂದೆ ಎಂದಾದರೂ ಬಟ್ಟೆ ಸುತ್ತಿದ ಸೈಕಲ್ಲಿನ ಚಿತ್ರ ಕಂಡಾಗ ಅದೇ ಮಗು ನಿಮಗೆ ಕೀಲು ಎಲ್ಲಿದೆ ಎಂದು ಹೇಳಿಕೊಟ್ಟೀತು.